ನಾದದ ಒಡಲು

ನರಸಿಂಹರಾಜಪುರ ತಾಲ್ಲೂಕಿನ ಮುತ್ತಿನಕೊಪ್ಪದಂತಹ ಮಲೆನಾಡಿನ ಊರುಗಳಲ್ಲಿ ಆಷಾಢ ಬಂದಿತೆಂದರೆ ಬಾಗಿಲುಗಳಿಗೆ ಮೊಂಡುತನ ಬರುತ್ತದೆ. ಬೇಸಗೆಯಲ್ಲಿ ಬೆರಳಿನ ತುದಿಗೇ ಮುಚ್ಚಿಕೊಳ್ಳುತ್ತಿದ್ದ ಕದ ಈಗ ಹೆಗಲು ಕೊಟ್ಟು ನೂಕಿದರೂ ಚೌಕಟ್ಟಿನೊಳಗೆ ಕೂರುವುದಿಲ್ಲ. ಮರ ನೀರು ಕುಡಿದಿದೆ ಎಂದು ಹಿರಿಯರು ಹೇಳುತ್ತಾರೆ. ಈ ಮಾತು ಅಕ್ಷರಶಃ ನಿಜ. ಕಡಿದು ಒಣಗಿಸಿ ಎಷ್ಟು ವರ್ಷಗಳು ಕಳೆದರೂ ಮರವು ಗಾಳಿಯ ತೇವವನ್ನು ಹೀರಿ ಹಿಗ್ಗುವುದನ್ನಾಗಲಿ, ಒಣಹವೆಯಲ್ಲಿ ಅದನ್ನು ಬಿಟ್ಟು ಕುಗ್ಗುವುದನ್ನಾಗಲಿ ಮರೆಯುವುದಿಲ್ಲ. ಕದದ ಮಟ್ಟಿಗೆ ಇದು ಸಣ್ಣ ತೊಂದರೆ; ಬಡಗಿ ಅಂಚನ್ನು ಕೀಸಿ ಸರಿಪಡಿಸುತ್ತಾನೆ. ಅದೇ ಮನೆಯಲ್ಲಿ ವೀಣೆಯೊಂದಿದ್ದರೆ ತೊಂದರೆ ಅಷ್ಟಕ್ಕೆ ನಿಲ್ಲುವುದಿಲ್ಲ.

ವೀಣೆಯ ದಂಡಿಯ ಮೇಲೆ 24 ಮೆಟ್ಟಿಲುಗಳನ್ನು ಮಸಿ ಬೆರೆಸಿದ ಮೇಣದಲ್ಲಿ ಒಂದೊಂದಾಗಿ ಕೂರಿಸುತ್ತಾರೆ. ಇದಕ್ಕೆ ಮೇಳ ಕಟ್ಟುವುದು ಎಂದು ಹೆಸರು. ಇಲ್ಲಿ ಕಿವಿಯೇ ಅಳತೆಗೋಲು. ದಂಡಿ ಕೂದಲೆಳೆಯಷ್ಟು ಬಾಗಿದರೂ, ಮೇಣ ಸೆಕೆಗೆ ಮೆದುವಾದರೂ ಸ್ವರಸ್ಥಾನ ತಪ್ಪುತ್ತದೆ. ಮೇಳವನ್ನು ಮತ್ತೆ ಕಟ್ಟಿಸಬೇಕಾಗುತ್ತದೆ. ಮೇಳ ಕಟ್ಟಬಲ್ಲವರು ಎಲ್ಲ ಊರುಗಳಲ್ಲಿಯೂ ಇರುವುದಿಲ್ಲ. ಹೀಗಿರುವಾಗ ತೇವಕ್ಕೆ ಹಿಗ್ಗದ ಒಡಲೊಂದನ್ನು ವಾದ್ಯಕ್ಕೆ ಏಕೆ ಕೊಡಬಾರದು ಎಂಬ ಪ್ರಶ್ನೆ ಸಹಜವಾಗಿಯೇ ಹುಟ್ಟುತ್ತದೆ. ಗಾಜಿನ ಎಳೆಗಳನ್ನು ಅಥವಾ ಇಂಗಾಲದ ಎಳೆಗಳನ್ನು ರಾಳದಲ್ಲಿ ಅದ್ದಿ, ಅಚ್ಚಿನಲ್ಲಿ ಗಟ್ಟಿಗೊಳಿಸಿದ ಸಮ್ಮಿಶ್ರ ವಸ್ತುಗಳು ಇಂದು ದೋಣಿಗೆ, ನೀರಿನ ತೊಟ್ಟಿಗೆ, ವಿಮಾನದ ರೆಕ್ಕೆಗೆ ಒದಗಿವೆ. ಜನ ಇವನ್ನು ಬರಿದೇ ‘ಫೈಬರ್’ ಎಂದು ಕರೆಯುತ್ತಾರೆ. ಅವು ವೀಣೆಗೆ ಮಾತ್ರ ಒಗ್ಗಲಾರವೆ?

ಉತ್ತರ ಹೇಳುವ ಮೊದಲು ಮರವೆಂದರೇನೆಂದು ನೋಡಬೇಕು. ಮಣ್ಣಿನ ಗೋಡೆ ಕಟ್ಟುವವರು ಮಣ್ಣಿಗೆ ಹುಲ್ಲನ್ನು ಸೇರಿಸಿ ತುಳಿಯುತ್ತಾರೆ. ಮಣ್ಣು ಹಿಡಿದಿಡುತ್ತದೆ, ಹುಲ್ಲಿನ ಎಳೆ ಬಿರುಕನ್ನು ತಡೆಯುತ್ತದೆ. ಮರದ ರಚನೆಯೂ ಇಂಥದೇ. ಸೆಲ್ಯುಲೋಸ್ ಎಂಬ ನಾರು, ಆ ನಾರನ್ನು ಬಂಧಿಸುವ ಲಿಗ್ನಿನ್ ಎಂಬ ಅಂಟು, ಇವೆರಡೂ ಕೂಡಿ ಮರವಾಗಿದೆ. ಆದುದರಿಂದ ಮರವೇ ನಿಸರ್ಗ ತಯಾರಿಸಿದ ಸಮ್ಮಿಶ್ರ ವಸ್ತು. ಫೈಬರ್ ಅದರ ತಮ್ಮನೆನ್ನಬಹುದು. ಮರದ ನಾರುಗಳೆಲ್ಲ ಬಹುಮಟ್ಟಿಗೆ ಒಂದೇ ದಿಕ್ಕಿಗೆ ಸಾಗಿರುವುದರಿಂದ ಉದ್ದಕ್ಕೆ ಇರುವ ಬಿಗುವು ಅಡ್ಡಕ್ಕೆ ಇರುವುದಿಲ್ಲ; ಉದ್ದದ ಬಿಗುವು ಸುಮಾರು 10 ಪಟ್ಟು, ಕೆಲವು ಮರಗಳಲ್ಲಿ ಅದಕ್ಕೂ ಹೆಚ್ಚು. ತೇವಕ್ಕೆ ಹಿಗ್ಗುವುದು ಮಾತ್ರ ಅಡ್ಡಕ್ಕೆ; ಉದ್ದಕ್ಕೆ ಹಿಗ್ಗುವಿಕೆ ಇಲ್ಲವೆನ್ನುವಷ್ಟು ಕಡಿಮೆ. ನಾರು ಎಲ್ಲ ಕಡೆಯೂ ಒಂದೇ ಸಮನಾಗಿಲ್ಲದ ದಂಡಿ ಮಳೆಗಾಲದಲ್ಲಿ ತಿರುಚಿಕೊಳ್ಳುವುದಕ್ಕೆ ಇದೇ ಕಾರಣ.

ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರವು ವೀಣೆ ತಯಾರಿಸುವ ಊರೆಂದೇ ಪ್ರಸಿದ್ಧವಾಗಿದೆ. ಅಲ್ಲಿನ ಕುಶಲಕರ್ಮಿಗಳು ಹಲಸಿನ ಮರವನ್ನೇ ಆರಿಸುತ್ತಾರೆ. ಮಲೆನಾಡಿನವರಿಗೂ ಹಲಸಿನ ನಾದ ಹೊಸತಲ್ಲ. ಯಕ್ಷಗಾನದ ಮದ್ದಳೆಯ ಕಳಸಿಗೆಯೂ ಹಲಸಿನದೇ. ಬಲಿತ ಮರದ ದಿಮ್ಮಿಯನ್ನು ಒಣಗಿಸಿ, ಕೊಡವನ್ನು ಉಳಿಯಿಂದ ತೋಡಿ ತೆಳುವಾಗಿಸುತ್ತಾರೆ. ಎಷ್ಟು ತೆಳುವಾಗಬೇಕೆಂಬುದನ್ನು ಕೈಯೇ ತಿಳಿಸಬೇಕು. ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, ಮತ್ತೆ ತೋಡುತ್ತಾರೆ. ಒಂದೇ ಮರದ ಎರಡು ತುಂಡುಗಳು ಕೂಡ ಒಂದೇ ಬಗೆಯಾಗಿ ನುಡಿಯುವುದಿಲ್ಲ. ಇದನ್ನು ಕೊರತೆಯೆನ್ನುವವರೂ ಉಂಟು, ಸೊಗಸೆನ್ನುವವರೂ ಉಂಟು.

ಬರಿಯ ತಂತಿಯ ದನಿ ತೀರ ಕ್ಷೀಣವಾದುದು. ತಂತಿಯ ಕಂಪನವು ಕುದುರೆಯ ಮೂಲಕ ಕೊಡದ ಮೇಲ್ಹಲಗೆಗೆ ಇಳಿದು, ಅಗಲವಾದ ಆ ಹಲಗೆ ಗಾಳಿಯನ್ನು ಅಲುಗಿಸಿದಾಗಲೇ ಅದು ಸಭೆಗೆ ಕೇಳಿಸುತ್ತದೆ. ವೀಣೆಯ ಕುದುರೆಯ ನೆತ್ತಿ ಅಗಲವಾಗಿ, ತುಸುವೇ ಉಬ್ಬಿದೆ. ತಂತಿ ಅದನ್ನು ಸವರುತ್ತ ಕಂಪಿಸುತ್ತದೆ. ಈ ಕಾರಣದಿಂದ ಮೂಲಸ್ವರದೊಡನೆ ಹಲವಾರು ಉಪಸ್ವರಗಳು ಏಳುತ್ತವೆಂಬುದನ್ನು ಸಿ. ವಿ. ರಾಮನ್ನರು 1921ರ ಲೇಖನವೊಂದರಲ್ಲಿ ವಿವರಿಸಿದ್ದಾರೆ. ಈ ಉಪಸ್ವರಗಳಲ್ಲಿ ತೀರ ತೀಕ್ಷ್ಣವಾದವುಗಳನ್ನು ಮರ ತನ್ನಲ್ಲಿಯೇ ನುಂಗಿಕೊಂಡು, ಉಳಿದವನ್ನು ಹೊರಗೆ ಬಿಡುತ್ತದೆ. ವೀಣೆಯ ದನಿಯಲ್ಲಿ ನಾವು ಮಾರ್ದವವೆನ್ನುವ ಗುಣದ ಬಹುಭಾಗ ಹೀಗೆ ಬಂದುದು.

ಆದ್ದರಿಂದ ವಾದ್ಯದ ಒಡಲಿಗೆ ಎರಡು ಹೊಣೆಗಳಿವೆ. ತಂತಿಯನ್ನು ಅಲುಗದಂತೆ ಹಿಡಿಯುವುದು ಒಂದು. ತಂತಿಯೊಡನೆ ತಾನೂ ಹಾಡುವುದು ಇನ್ನೊಂದು. ಹಿಡಿಯುವುದಕ್ಕೆ ಗಡಸು ಬೇಕು, ಹಾಡುವುದಕ್ಕೆ ಅಲುಗಾಟ ಬೇಕು. ಇವೆರಡರ ಜಗಳವನ್ನು ಸ್ಟೀಲ್ ಗಿಟಾರಿನ ಚರಿತ್ರೆಯಷ್ಟು ಸ್ಪಷ್ಟವಾಗಿ ತೋರಿಸುವ ನಿದರ್ಶನ ಮತ್ತೊಂದಿಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹವಾಯಿ ದ್ವೀಪದ ಜೋಸೆಫ್ ಕೆಕುಕು ಎಂಬ ತರುಣ ಗಿಟಾರಿನ ತಂತಿಗಳ ಮೇಲೆ ಉಕ್ಕಿನ ತುಂಡನ್ನು ಜಾರಿಸಿ ನುಡಿಸುವ ಪದ್ಧತಿಯನ್ನು ಪ್ರಚಾರಕ್ಕೆ ತಂದನು. ನಮ್ಮ ಗೋಟುವಾದ್ಯವನ್ನು ನುಡಿಸುವ ಬಗೆಯೂ ಇದೇ. ಆರಂಭದ ಗಿಟಾರುಗಳು ಮರದವು. ದನಿ ಹೆಚ್ಚಬೇಕೆಂದು 1920ರ ದಶಕದಲ್ಲಿ ಲೋಹದ ಒಡಲುಗಳು ಬಂದವು. 1931ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ವಿದ್ಯುತ್ ಸ್ಟೀಲ್ ಗಿಟಾರಿನ ಒಡಲು ಎರಕದ ಅಲ್ಯೂಮಿನಿಯಂ. ಆಕಾರದಿಂದಾಗಿ ಅದಕ್ಕೆ ‘ಬಾಣಲೆ’ ಎಂದೇ ಅಡ್ಡಹೆಸರು ಬಿತ್ತು. ಅಲ್ಲಿ ತಂತಿಯ ಕಂಪನವನ್ನು ಗ್ರಹಿಸುವುದು ಅಯಸ್ಕಾಂತ. ಒಡಲು ಹಾಡಬೇಕಾಗಿಲ್ಲ, ಹಿಡಿದರೆ ಸಾಕು. ಅಲ್ಯೂಮಿನಿಯಂ ಅದನ್ನೂ ಪೂರ್ತಿಯಾಗಿ ಮಾಡಲಿಲ್ಲ. ಕಾವಿಗೆ ಅದು ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ ವೇದಿಕೆಯ ದೀಪಗಳ ಬಿಸಿಗೆ ಶ್ರುತಿ ಕೆಡುತ್ತಿತ್ತು. 1935ರಲ್ಲಿ ಅದೇ ತಯಾರಕರು ಬೇಕಲೈಟ್ ಎಂಬ ಪ್ಲಾಸ್ಟಿಕ್ಕಿನ ಒಡಲನ್ನು ತಂದರು. ಲೋಹದಿಂದ ಪಾರಾಗಲು ರಾಳದ ಮೊರೆಹೊಕ್ಕುದು ಹೀಗೆ.

ಇಂಗಾಲದ ಎಳೆಯ ಸಮ್ಮಿಶ್ರ ವಸ್ತು ಈ ಹಾದಿಯಲ್ಲಿ ಬಹಳ ಮುಂದಿನದು. ತೂಕಕ್ಕೆ ಹೋಲಿಸಿದರೆ ಅದರ ಗಡಸುತನ ಅತಿಶಯವಾದುದು. ಕಾವಿಗೆ ಅದು ಬಹುಮಟ್ಟಿಗೆ ಹಿಗ್ಗುವುದೇ ಇಲ್ಲ. ಮಳೆಗಾಲವೆಂಬುದು ಅದಕ್ಕೆ ತಿಳಿಯದು. ಆದರೂ ಶ್ರುತಿಯ ಚಿಂತೆ ಮುಗಿಯಿತೆಂದು ಹೇಳುವಂತಿಲ್ಲ. ಒಡಲು ಹಿಗ್ಗದಿದ್ದರೂ ಉಕ್ಕಿನ ತಂತಿ ಹಿಗ್ಗುತ್ತದೆ, ಸಡಿಲಾಗುತ್ತದೆ. ಇನ್ನು ಹಾಡುವ ಹೊಣೆಯಲ್ಲಿ ಈ ವಸ್ತುವಿನ ಸ್ವಭಾವ ಮರದ್ದಲ್ಲ. ಮರ ನುಂಗುವ ತೀಕ್ಷ್ಣ ಉಪಸ್ವರಗಳನ್ನು ಇದು ಅಷ್ಟಾಗಿ ನುಂಗುವುದಿಲ್ಲ. ದನಿ ನಿಚ್ಚಳವಾಗಿ, ಬಹಳ ಹೊತ್ತು ನಿಲ್ಲುತ್ತದೆ. ಹಲಸಿಗೆ ಒಗ್ಗಿದ ಕಿವಿಗೆ ತುಸು ಹರಿತವಾಗಿ ಕೇಳಬಹುದು. ಎಳೆಗಳನ್ನು ಹಾಸುವ ದಿಕ್ಕನ್ನೂ ಪದರಗಳ ದಪ್ಪವನ್ನೂ ಬದಲಿಸಿ ಮರದ ಗುಣವನ್ನು ಅನುಕರಿಸಲು ಸಾಧ್ಯ. ಗೆಣ್ಣಿನಿಂದ ತಟ್ಟಿ ನೋಡುತ್ತ ತೋಡುವ ಅವಕಾಶ ಮಾತ್ರ ಅಚ್ಚಿನ ಕೆಲಸದಲ್ಲಿ ಇಲ್ಲ. ಫೈಬರಿನ ಕೊಡ ಸೀಳಿದರೆ ನಾರಿಗೆ ನಾರು ಸೇರಿಸಿ ಬೆಸೆಯುವ ಬಡಗಿಯೂ ಊರಲ್ಲಿ ಸಿಗುವುದಿಲ್ಲ.

ಇನ್ನೊಂದು ಕಡೆ ಹಲಸಿನ ಪಕ್ಷವನ್ನು ಕಣ್ಣುಮುಚ್ಚಿ ವಹಿಸುವುದೂ ನ್ಯಾಯವಲ್ಲ. ವೀಣೆಗೆ ಒದಗುವಷ್ಟು ಗಾತ್ರದ ಮರ ಬೆಳೆಯಲು ಹಲವು ದಶಕಗಳು ಬೇಕು. ಮೈಸೂರಿನ ವೀಣೆಗಳ ಅಂಚಿಗೆ ಹಿಂದೆ ಕೂರಿಸುತ್ತಿದ್ದ ಆನೆಯ ದಂತವನ್ನು ಕಾನೂನು ನಿಷೇಧಿಸಿದ ಮೇಲೆ ಅಲ್ಲಿಗೆ ಪ್ಲಾಸ್ಟಿಕ್ಕಿನ ಹಾಳೆ ಬಂದಿತು. ನಾದಕ್ಕೆ ಅದರಿಂದ ಏನೂ ಕುಂದಾಗಲಿಲ್ಲ. ಗೋಟುವಾದ್ಯ ನುಡಿಸುವವರಲ್ಲಿ ಕೆಲವರು ಕರಿಮರದ ಕೊರಡನ್ನು ಬಿಟ್ಟು ಟೆಫ್ಲಾನಿನ ತುಂಡನ್ನು ಹಿಡಿದಿದ್ದಾರೆ.

ಈಗಿನ ಅನೇಕ ವೀಣೆಗಳನ್ನು ಗಮನಿಸಿ ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ದಂಡಿಯ ಎಡತುದಿಯ ಕೆಳಗೆ ತೊಡೆಗೆ ಆನಿಸಿಕೊಳ್ಳುವ ಬುರುಡೆ ಹಿಂದೆ ಒಣಗಿದ ಸೋರೆಯದಾಗಿತ್ತು; ಬಿದ್ದರೆ ಒಡೆಯುತ್ತಿತ್ತು, ಹುಳು ಹಿಡಿಯುತ್ತಿತ್ತು. ಆ ಜಾಗದಲ್ಲಿ ಇಂದು ಹಲವು ವಾದ್ಯಗಳಲ್ಲಿ ಫೈಬರ್ ಬುರುಡೆಯಿದೆ. ಸರಸ್ವತೀವೀಣೆಯ ನಾದಕ್ಕೆ ಅದರಿಂದ ಸಲ್ಲುವ ಪಾಲು ಅಲ್ಪ. ಅದರ ಕೆಲಸ ಮುಖ್ಯವಾಗಿ ವಾದ್ಯಕ್ಕೆ ಆಸರೆಯಾಗುವುದು. ಬಲತುದಿಯ ಕೊಡವಾದರೋ ಇನ್ನೂ ಹಲಸಿನದೇ.