ಪಿಕಪ್‌ನ ಹಿಂಬದಿ ಸದ್ದು: ಹೌಸಿಂಗ್ ಬಿಚ್ಚಿಸುವ ಮುನ್ನ ಕಿವಿಗೊಡಿ

ಕೋಲಾರದಿಂದ ಟೊಮೆಟೊ ಹೇರಿಕೊಂಡು ಬೆಂಗಳೂರಿನ ಮಾರುಕಟ್ಟೆಗೆ ಹೊರಟ ಪಿಕಪ್ ವಾಹನವೊಂದನ್ನು ಕಲ್ಪಿಸಿಕೊಳ್ಳಿ. ವೇಗ ಗಂಟೆಗೆ 50 ಕಿ.ಮೀ. ದಾಟುತ್ತಿದ್ದಂತೆ ಹಿಂಬದಿಯಿಂದ ಗುಂಯ್ ಎಂಬ ಸಣ್ಣ ಸದ್ದು ಆರಂಭವಾಗುತ್ತದೆ. 60ಕ್ಕೆ ಅದು ಏರುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಅಡಗುತ್ತದೆ. ಚಾಲಕ ಹಾಡಿನ ದನಿ ಏರಿಸಿ ಮುಂದೆ ಸಾಗುತ್ತಾನೆ. ಕೆಲವು ವಾರಗಳ ಬಳಿಕ ಸದ್ದು ಜೋರಾದಾಗ ಗ್ಯಾರೇಜಿಗೆ ಹೋದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ‘ಕ್ರೌನ್ ಹೋಗಿದೆ, ಹೌಸಿಂಗ್ ಬಿಚ್ಚಬೇಕು.’

ದಿನದ ಬಾಡಿಗೆಯನ್ನೇ ನಂಬಿದ ಮಾಲೀಕನಿಗೆ ಇದು ದುಬಾರಿ ಮಾತು. ಬಿಡಿಭಾಗಗಳ ಬೆಲೆ ಒಂದೆಡೆಯಾದರೆ, ವಾಹನ ನಿಂತಷ್ಟು ದಿನ ಸಂಪಾದನೆಯೂ ಇಲ್ಲ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಆದರೆ ಹಿಂಬದಿಯ ಸದ್ದುಗಳೆಲ್ಲವೂ ಕ್ರೌನ್‌ನಿಂದಲೇ ಹುಟ್ಟುವುದಿಲ್ಲ. ಸದ್ದು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂಬುದನ್ನು ತಾಳ್ಮೆಯಿಂದ ಗಮನಿಸಿದರೆ, ಒಂದು ಬೋಲ್ಟನ್ನೂ ಬಿಚ್ಚದೆ ದೋಷದ ಜಾಗವನ್ನು ಬಹುಮಟ್ಟಿಗೆ ಗುರುತಿಸಬಹುದು. ಹಿಂಬದಿ ಚಕ್ರಗಳಿಂದ ಓಡುವ ಜೀಪು, ಎಸ್‌ಯುವಿಗಳಿಗೂ ಇದು ಅನ್ವಯ.

ಹೌಸಿಂಗ್ ಒಳಗೇನಿದೆ?

ಎಂಜಿನ್‌ನ ಶಕ್ತಿ ಗೇರ್‌ಬಾಕ್ಸ್ ಹಾಗೂ ಪ್ರೊಪೆಲ್ಲರ್ ಶಾಫ್ಟ್ ಮೂಲಕ ಹಿಂಬದಿಯ ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರವನ್ನು ತಲುಪುತ್ತದೆ. ಪಿನಿಯನ್ ತನಗಿಂತ ದೊಡ್ಡದಾದ ಕ್ರೌನ್ ಚಕ್ರವನ್ನು ತಿರುಗಿಸುತ್ತದೆ. ಪಿನಿಯನ್‌ಗೆ 10 ಹಾಗೂ ಕ್ರೌನ್‌ಗೆ 41 ಹಲ್ಲುಗಳಿದ್ದರೆ, ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಪಿನಿಯನ್ 4.1 ಸುತ್ತು ತಿರುಗಿರುತ್ತದೆ. ಪಿನಿಯನ್ ಬೇರಿಂಗ್‌ನ ಸದ್ದು ಚಕ್ರದ ಬೇರಿಂಗ್‌ನ ಸದ್ದಿಗಿಂತ ತೀಕ್ಷ್ಣವಾಗಿರುವುದು ಈ ಕಾರಣದಿಂದ. ಕ್ರೌನ್‌ನ ಜೊತೆಗೇ ಇರುವ ಡಿಫರೆನ್ಷಿಯಲ್‌ನ ಪುಟ್ಟ ಗೇರುಗಳು, ತಿರುವಿನಲ್ಲಿ ಹೊರಬದಿಯ ಚಕ್ರ ಹೆಚ್ಚು ವೇಗವಾಗಿ ಉರುಳಲು ಅನುವು ಮಾಡಿಕೊಡುತ್ತವೆ.

ಇಂದಿನ ಬಹುತೇಕ ಪಿಕಪ್‌ಗಳಲ್ಲಿರುವುದು ಹೈಪಾಯ್ಡ್ ಗೇರ್. ಇದರಲ್ಲಿ ಪಿನಿಯನ್, ಕ್ರೌನ್‌ನ ನಡುಮಧ್ಯಕ್ಕೆ ಬಾರದೆ ತುಸು ಕೆಳಗೆ ಕೂಡಿಕೊಳ್ಳುತ್ತದೆ. ಅಮೆರಿಕದ ಪ್ಯಾಕರ್ಡ್ ಕಂಪನಿ 1920ರ ದಶಕದಲ್ಲಿ ಕಾರುಗಳಿಗೆ ಅಳವಡಿಸಿದ ಈ ವಿನ್ಯಾಸ ಸದ್ದು ಕಡಿಮೆ ಎಂಬ ಕಾರಣಕ್ಕೂ ಜನಪ್ರಿಯವಾಯಿತು. ಆದರೆ ಇದರ ಹಲ್ಲುಗಳು ಭಾರೀ ಒತ್ತಡದಲ್ಲಿ ಒಂದರ ಮೇಲೊಂದು ಜಾರುತ್ತವೆ. ಅದನ್ನು ತಾಳಿಕೊಳ್ಳಲೆಂದೇ ತಯಾರಿಸಿದ ಗೇರ್ ಆಯಿಲ್ ಇಲ್ಲದಿದ್ದರೆ ಹಲ್ಲುಗಳು ಬೇಗ ಸವೆಯುತ್ತವೆ.

ಮೊದಲ ಅನುಮಾನ ಟೈರಿನ ಮೇಲಿರಲಿ

ಸದ್ದಿನ ಪರೀಕ್ಷೆಗೆ ವಾಹನ ಸಂಚಾರ ಕಡಿಮೆಯಿರುವ ನೇರ ರಸ್ತೆ ಬೇಕು. ಆಲಿಸಲು ಜೊತೆಯಲ್ಲೊಬ್ಬರಿದ್ದರೆ ಒಳ್ಳೆಯದು. ಡಾಂಬರು ರಸ್ತೆಯಿಂದ ಕಾಂಕ್ರೀಟ್ ರಸ್ತೆಗೆ ಬಂದೊಡನೆ ಸದ್ದಿನ ಸ್ವರೂಪ ಬದಲಾದರೆ ಅದು ಟೈರಿನದ್ದು. ಅಂಗೈಯಿಂದ ಟೈರಿನ ಮೇಲ್ಮೈ ಸವರಿದರೆ ಏರುಪೇರಾಗಿ ಸವೆದಿರುವುದು ತಿಳಿಯುತ್ತದೆ. ಆಕ್ಸಲ್‌ನ ಸದ್ದಿಗೆ ರಸ್ತೆಯ ಭೇದವಿಲ್ಲ.

ಮುಂದಿನ ಪ್ರಶ್ನೆ ಗೇರ್‌ಬಾಕ್ಸ್‌ನದ್ದು. ಒಂದೇ ವೇಗದಲ್ಲಿ ನಾಲ್ಕನೇ ಹಾಗೂ ಐದನೇ ಗೇರ್‌ನಲ್ಲಿ ವಾಹನ ಓಡಿಸಿ ನೋಡಬೇಕು. ಗೇರ್ ಬದಲಾದಾಗ ಸದ್ದಿನ ಸ್ಥಾಯಿಯೂ ಬದಲಾದರೆ ದೋಷ ಎಂಜಿನ್ ಅಥವಾ ಗೇರ್‌ಬಾಕ್ಸ್ ಕಡೆಗಿದೆ. ಯಾವ ಗೇರ್‌ನಲ್ಲಿದ್ದರೂ ಅದೇ ಸದ್ದು ಬಂದರೆ, ಆಗ ಹಿಂಬದಿಯತ್ತ ಗಮನ ಹರಿಸಬೇಕು.

ನಾಲ್ಕು ಸ್ಥಿತಿ, ನಾಲ್ಕು ಸುಳಿವು

ಆಕ್ಸಿಲರೇಟರ್ ಒತ್ತಿದಾಗ ಹಲ್ಲಿನ ಒಂದು ಬದಿಯ ಮೇಲೆ ಭಾರ ಬೀಳುತ್ತದೆ. ಬಿಟ್ಟಾಗ ಅದು ಇನ್ನೊಂದು ಬದಿಗೆ ಸರಿಯುತ್ತದೆ. ಇಡೀ ಪರೀಕ್ಷೆಯ ಗುಟ್ಟು ಇಷ್ಟೇ.

* ಒತ್ತಿದಾಗ ಮಾತ್ರ ಗುಂಯ್‌ಗುಟ್ಟಿದರೆ ಕ್ರೌನ್-ಪಿನಿಯನ್ ಹಲ್ಲುಗಳು ಸವೆದಿರುವ ಅಥವಾ ಸರಿಯಾಗಿ ಕೂಡಿಕೊಳ್ಳದಿರುವ ಸಾಧ್ಯತೆ ಹೆಚ್ಚು.

* ಬಿಟ್ಟಾಗ ಸದ್ದು ಎದ್ದರೆ ಪಿನಿಯನ್ ನಟ್ ಸಡಿಲಗೊಂಡಿರಬಹುದು ಅಥವಾ ಅದರ ಬೇರಿಂಗ್ ಸವೆದಿರಬಹುದು.

* ಒತ್ತಿದರೂ ಬಿಟ್ಟರೂ ಒಂದೇ ಸಮನೆ ಗೊರಗೊರ ಎಂದರೆ ಅನುಮಾನ ಬೇರಿಂಗ್‌ಗಳ ಮೇಲೆ. ಬಲಕ್ಕೆ ತಿರುಗಿದಾಗ ಭಾರ ಎಡಚಕ್ರಕ್ಕೆ ಸರಿಯುತ್ತದೆ. ಆಗ ಸದ್ದು ಹೆಚ್ಚಿದರೆ ಎಡಚಕ್ರದ ಬೇರಿಂಗ್ ನೋಡಬೇಕು.

* ನೇರ ಓಟದಲ್ಲಿ ಸುಮ್ಮನಿದ್ದು ತಿರುವಿನಲ್ಲಿ ಮಾತ್ರ ಕರಕರ ಎಂದರೆ ಡಿಫರೆನ್ಷಿಯಲ್‌ನ ಪುಟ್ಟ ಗೇರುಗಳು ಕಾರಣವಿರಬಹುದು.

ಇನ್ನು ಕ್ಲಚ್ ಬಿಟ್ಟೊಡನೆ ಒಮ್ಮೆ ‘ಟಕ್’ ಎಂದು ಹೊಡೆದಂತಾದರೆ ಪ್ರೊಪೆಲ್ಲರ್ ಶಾಫ್ಟ್‌ನ ಜಾಯಿಂಟನ್ನು ಮೊದಲು ಪರೀಕ್ಷಿಸಬೇಕು. ಕ್ರೌನ್-ಪಿನಿಯನ್ ಬದಲಿಸುವುದಕ್ಕೆ ಹೋಲಿಸಿದರೆ ಅದು ಅಲ್ಪ ಖರ್ಚಿನ ಕೆಲಸ.

ಆಯಿಲ್ ಹೇಳುವ ಕಥೆ

ಸಮತಟ್ಟಾದ ಜಾಗದಲ್ಲಿ ವಾಹನ ನಿಲ್ಲಿಸಿ ಹೌಸಿಂಗ್‌ನ ಫಿಲ್ಲರ್ ಪ್ಲಗ್ ಬಿಚ್ಚಿದರೆ, ಸಾಮಾನ್ಯವಾಗಿ ಆಯಿಲ್ ರಂಧ್ರದ ಕೆಳ ಅಂಚಿನವರೆಗೆ ಇರಬೇಕು. ಕಡಿಮೆಯಿದ್ದರೆ ಪಿನಿಯನ್ ಸೀಲ್ ಅಥವಾ ಚಕ್ರದ ಬಳಿ ಸೋರಿಕೆ ಹುಡುಕಬೇಕು. ಹೌಸಿಂಗ್ ಮೇಲಿನ ಗಾಳಿಕಿಂಡಿಯಾದ ಬ್ರೀದರ್ ಮಣ್ಣು ತುಂಬಿ ಮುಚ್ಚಿಹೋದರೂ ಒಳಗಿನ ಒತ್ತಡ ಹೆಚ್ಚಿ ಸೀಲ್‌ಗಳಿಂದ ಆಯಿಲ್ ಹೊರಬರುತ್ತದೆ.

ಮಳೆಗಾಲದಲ್ಲಿ ನೀರು ನಿಂತ ಅಂಡರ್‌ಪಾಸ್ ಅಥವಾ ಹಳ್ಳ ದಾಟಿದ ವಾಹನಗಳಿಗೆ ಇನ್ನೊಂದು ಅಪಾಯವಿದೆ. ಬಿಸಿಯಾಗಿದ್ದ ಹೌಸಿಂಗ್ ತಣ್ಣೀರಿನಲ್ಲಿ ಮುಳುಗಿದೊಡನೆ ಒಳಗಿನ ಗಾಳಿ ಕುಗ್ಗಿ, ಬ್ರೀದರ್ ಮತ್ತು ಸೀಲ್‌ಗಳ ಮೂಲಕ ನೀರನ್ನು ಎಳೆದುಕೊಳ್ಳಬಲ್ಲದು. ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದೇ ಅರ್ಥ, ಕೂಡಲೇ ಬದಲಿಸಬೇಕು. ಡ್ರೈನ್ ಪ್ಲಗ್‌ನ ಅಯಸ್ಕಾಂತಕ್ಕೆ ಬೂದುಬಣ್ಣದ ನಯವಾದ ಪೇಸ್ಟ್ ಅಂಟಿರುವುದು ಸಹಜ. ಲೋಹದ ಚೂರುಗಳು ಸಿಕ್ಕರೆ ಹೌಸಿಂಗ್ ಬಿಚ್ಚದೆ ಬೇರೆ ದಾರಿಯಿಲ್ಲ.

ಒಮ್ಮೆ ಸವೆದ ಹಲ್ಲನ್ನು ಹೊಸ ಆಯಿಲ್ ಸರಿಪಡಿಸದು. ಮಂದವಾದ ಆಯಿಲ್ ಸುರಿದರೆ ಸದ್ದು ಕೆಲಕಾಲ ಅಡಗಬಹುದು, ರೋಗ ವಾಸಿಯಾಗುವುದಿಲ್ಲ. ಸೆಕೆಂಡ್‌ಹ್ಯಾಂಡ್ ಪಿಕಪ್ ಕೊಳ್ಳುವವರು ಇದನ್ನು ನೆನಪಿನಲ್ಲಿಡಬೇಕು.

ರಿಪೇರಿಯಲ್ಲಿ ಎಚ್ಚರ

ಕ್ರೌನ್ ಮತ್ತು ಪಿನಿಯನ್ ಒಂದಕ್ಕೊಂದು ಹೊಂದುವಂತೆ ತಯಾರಾದ ಜೋಡಿ; ಒಂದನ್ನೇ ಬದಲಿಸುವಂತಿಲ್ಲ. ಹಲ್ಲುಗಳ ನಡುವಿನ ಸಡಿಲವನ್ನು ಡಯಲ್ ಗೇಜ್‌ನಿಂದ ಅಳೆದು ತಯಾರಕರು ಸೂಚಿಸಿದ ಮಿತಿಯಲ್ಲಿಡಬೇಕು. ಇದು ಸಾಮಾನ್ಯವಾಗಿ ಮಿಲಿಮೀಟರಿನ ಹತ್ತರಲ್ಲಿ ಒಂದೆರಡು ಪಾಲಿನಷ್ಟು ಸೂಕ್ಷ್ಮ. ಕೈ ಅಂದಾಜಿನಲ್ಲಿ ಪಿನಿಯನ್ ನಟ್ ಬಿಗಿದರೆ ಹೊಸ ಬೇರಿಂಗ್ ಕೂಡ ಬಹುಕಾಲ ಬಾಳದು. ಅಳತೆಯ ಉಪಕರಣವಿಲ್ಲದ ಗ್ಯಾರೇಜಿಗೆ ಈ ಕೆಲಸ ಒಪ್ಪಿಸದಿರುವುದೇ ಲೇಸು.

ಮನೆಯಲ್ಲೇ ಪರೀಕ್ಷಿಸುವವರು ಒಂದು ಚಕ್ರವನ್ನಷ್ಟೇ ಜಾಕ್ ಮೇಲೆತ್ತಿ, ಗೇರ್ ಹಾಕಿ ಎಂಜಿನ್ ಓಡಿಸುವ ಸಾಹಸಕ್ಕೆ ಇಳಿಯಬಾರದು. ನೆಲದಲ್ಲಿರುವ ಚಕ್ರಕ್ಕೆ ಹಿಡಿತ ಸಿಕ್ಕಿದರೆ ವಾಹನ ಜಾಕ್‌ನಿಂದ ಜಾರಿ ಮುನ್ನುಗ್ಗೀತು.

ಪಿನಿಯನ್ ಬೇರಿಂಗ್ ಪೂರ್ತಿ ಕೆಟ್ಟು ಗೇರುಗಳು ಸಿಕ್ಕಿಕೊಂಡರೆ ಓಡುತ್ತಿರುವ ವಾಹನದ ಹಿಂಬದಿ ಚಕ್ರಗಳು ಹಠಾತ್ ಬಿಗಿಯಬಹುದು. ಹೆದ್ದಾರಿಯಲ್ಲಿ, ತುಂಬಿದ ಹೇರಿನೊಂದಿಗೆ ಹೀಗಾದರೆ ಅಪಾಯ ಆ ಒಂದು ವಾಹನಕ್ಕಷ್ಟೇ ಸೀಮಿತವಲ್ಲ. ಸದ್ದು ಸಣ್ಣದಿರುವಾಗಲೇ ಅದು ಒತ್ತಿದಾಗಲೋ, ಬಿಟ್ಟಾಗಲೋ, ತಿರುವಿನಲ್ಲೋ ಎಂದು ಗುರುತು ಹಾಕಿಕೊಂಡು ಮೆಕ್ಯಾನಿಕ್‌ಗೆ ತಿಳಿಸಿದರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧ ಕೆಲಸಕ್ಕೆ ಬೇಡದ ಹಣ ತೆರುವುದೂ ತಪ್ಪುತ್ತದೆ.