ತರುಣಾಪರಾಧಿಗಳೂ ಸನ್ನಡತೆಯ ಮುಚ್ಚಳಿಕೆಯೂ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಬಿ. ಎಲ್. ರೈಸ್ ಅವರು ೧೮೯೨ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನಗಳು ವಿದ್ವಾಂಸರಿಗೆ ಸುಪರಿಚಿತವಾದುವು. ಇಸಿಲದ ಮಹಾಮಾತ್ರರನ್ನುದ್ದೇಶಿಸಿದ ಆ ಲೇಖದಲ್ಲಿ, ಧರ್ಮದ ಫಲವು ದೊಡ್ಡವರಿಗೆ ಮಾತ್ರವೇ ಮೀಸಲಲ್ಲ, ಪ್ರಯತ್ನಶೀಲನಾದ ಅಲ್ಪನಿಗೂ ದೊರೆಯತಕ್ಕದ್ದು ಎಂಬ ಅಭಿಪ್ರಾಯವಿದೆ. ಅದೇ ಚಕ್ರವರ್ತಿಯ ಐದನೆಯ ಬಂಡೆಶಾಸನವು, ಸೆರೆಯಾಳುಗಳ ನೆರವಿಗೂ ಬಿಡುಗಡೆಗೂ ಧರ್ಮಮಹಾಮಾತ್ರರು ನಿಯುಕ್ತರಾದುದನ್ನು ತಿಳಿಸುತ್ತದೆ. ತಪ್ಪಿದವನ ಹಿತವನ್ನು ನೋಡುವುದೂ ರಾಜ್ಯದ ಕರ್ತವ್ಯವೆಂಬ ಭಾವನೆಯು ಇಷ್ಟು ಪುರಾತನವಾದುದು.

ಈ ಭಾವನೆಗೆ ಸಮೀಪವಾದ ಆಧುನಿಕ ಏರ್ಪಾಡೇ ‘ಪ್ರೊಬೇಷನ್’ ಅಥವಾ ಪರಿವೀಕ್ಷಣೆ. ೧೮೪೧ರಲ್ಲಿ ಬಾಸ್ಟನ್ ನಗರದ ಪಾದರಕ್ಷೆಯ ಕಸಬುದಾರ ಜಾನ್ ಆಗಸ್ಟಸನು ಕುಡುಕನೊಬ್ಬನಿಗೆ ತಾನೇ ಜಾಮೀನಾಗಿ ನಿಂತುದು ಇದಕ್ಕೆ ನಾಂದಿಯಾಯಿತು. ಭಾರತದಲ್ಲಿ ೧೮೯೮ರ ದಂಡಪ್ರಕ್ರಿಯಾ ಸಂಹಿತೆಯಲ್ಲಿ ಇದರ ಬೀಜವಿದ್ದಿತು. ೧೯೫೮ರ ಅಧಿನಿಯಮದಲ್ಲಿ ಅದು ಪೂರ್ಣರೂಪವನ್ನು ಪಡೆಯಿತು. ಅದರಂತೆ ನ್ಯಾಯಾಲಯವು ಕೂಡಲೆ ಶಿಕ್ಷೆ ವಿಧಿಸದೆ, ಮೂರು ವರ್ಷ ಮೀರದ ಅವಧಿಗೆ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಅಪರಾಧಿಯನ್ನು ಬಿಡಬಹುದು. ೨೧ ವರ್ಷ ತುಂಬದವನ ಅಪರಾಧವು ಆಜೀವ ಕಾರಾವಾಸಕ್ಕೆ ಗುರಿಯಾಗತಕ್ಕದ್ದಲ್ಲದಿದ್ದರೆ, ಕಾರಣಗಳನ್ನು ಬರೆದಿಡದೆ ಅವನಿಗೆ ಸೆರೆವಾಸ ವಿಧಿಸಕೂಡದು. ಮುಚ್ಚಳಿಕೆಗೆ ಮೊದಲ ಸಲ ತಪ್ಪಿ ನಡೆದಲ್ಲಿ, ೫೦ ರೂಪಾಯಿ ಮೀರದ ದಂಡ ವಿಧಿಸಿ ಅದನ್ನು ಮುಂದುವರಿಸಲು ಅವಕಾಶವುಂಟು. ೧೮ ವರ್ಷ ತುಂಬದವರ ವಿಚಾರಣೆಯು ೨೦೧೫ರ ಬಾಲನ್ಯಾಯ ಅಧಿನಿಯಮದಂತೆ, ಒಬ್ಬ ಮ್ಯಾಜಿಸ್ಟ್ರೇಟರೂ ಇಬ್ಬರು ಸಮಾಜಸೇವಕರೂ ಕೂಡಿದ ಮಂಡಳಿಯಲ್ಲಿ ನಡೆಯುತ್ತದೆ.

ಪರಿವೀಕ್ಷಣಾಧಿಕಾರಿಯು ಕಾವಲುಗಾರನಲ್ಲ. ತರುಣನ ಮನೆ, ಸಹವಾಸ, ಸಂಪಾದನೆಗಳನ್ನು ವಿಚಾರಿಸಿ ವರದಿ ಕೊಡುವುದೂ, ಬುದ್ಧಿ ಹೇಳುವುದೂ, ಉದ್ಯೋಗ ದೊರಕಿಸಲು ಯತ್ನಿಸುವುದೂ ಅವನ ಕೆಲಸ. ಮಳೆ ಕಡಮೆಯಾದ ಚಳ್ಳಕೆರೆ, ಮೊಳಕಾಲ್ಮೂರುಗಳ ಸೀಮೆಯಲ್ಲಿ ಈ ಕಡೆಯ ಮಾತೇ ಮುಖ್ಯವಾದುದು. ಕಡಲೆಕಾಯಿ ಬೆಳೆ ಕೆಟ್ಟ ವರ್ಷ ಕೆಲಸವಿಲ್ಲದ ಕೈ ಹಳೆಯ ಸಹವಾಸವನ್ನೇ ಅರಸೀತು. ರೇಷ್ಮೆ ಸೀರೆಯ ಮಗ್ಗ, ಕಂಬಳಿ ನೆಯ್ಗೆ, ಎಣ್ಣೆಗಿರಣಿ ಇವುಗಳಲ್ಲೊಂದು ಕಸಬು ಕೈಗೆ ಹತ್ತಿದರೆ ದಿನಕ್ಕೊಂದು ಕಟ್ಟುಪಾಡೂ, ಕಲಿಸುವವನ ನಂಬಿಕೆಯೂ ದೊರೆಯುವುವು. ಆದರೆ ಅಧಿಕಾರಿಯನ್ನು ಕಾಣಲು ಮೊಳಕಾಲ್ಮೂರಿನಿಂದ ದೂರದ ಚಿತ್ರದುರ್ಗಕ್ಕೆ ಹೋಗಬೇಕಾದವನು ಬಸ್ಸಿನ ವೆಚ್ಚದೊಡನೆ ಒಂದು ದಿನದ ಕೂಲಿಯನ್ನೂ ಕಳೆದುಕೊಳ್ಳುವನು. ಆದುದರಿಂದ ಅಧಿಕಾರಿಯೇ ಊರಿಗೆ ಬರುವುದು ಲೇಸು.

ಇನ್ನೊಂದು ತೊಡಕು ಕಳಂಕದ್ದು. ೧೮೭೧ರ ಕಾಯಿದೆಯೊಂದು ಹಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದೆಣಿಸಿತು. ಆ ಬಗೆಯ ಶಾಸನವು ೧೯೫೨ರಲ್ಲಿ ರದ್ದಾದರೂ ಸಂಶಯವು ಉಳಿಯಿತು. ಪರಿವೀಕ್ಷಣೆಗೆ ಒಳಗಾದವನಿಗೆ ಅಪರಾಧನಿರ್ಣಯದಿಂದ ಅನರ್ಹತೆ ಉಂಟಾಗದೆಂದು ೧೯೫೮ರ ಅಧಿನಿಯಮದ ೧೨ನೆಯ ಪ್ರಕರಣವು ವಿಧಿಸುತ್ತದೆ. ಊರಿನ ನಾಲಗೆಯನ್ನು ಅದು ಕಟ್ಟಲಾರದು. ಮುಚ್ಚಳಿಕೆಗೆ ರುಜು ಹಾಕುವವನು ತರುಣನೊಬ್ಬನೇ; ಅದು ನಿಲ್ಲುವುದು ಮನೆ, ಶಾಲೆ, ಮಗ್ಗದ ಯಜಮಾನ ಇವರೆಲ್ಲರೂ ಅವನನ್ನು ಮತ್ತೆ ಒಳಗೆ ಕರೆದುಕೊಂಡಾಗ.