ಕೆಲಸದ ಜಾಗದಲ್ಲಿ ಆತ್ಮಹತ್ಯೆ ತಡೆ: ನೇರವಾಗಿ ಕೇಳುವ ಮಾತು

ಆತ್ಮಹತ್ಯೆಯ ಯೋಚನೆಯಲ್ಲಿರುವವರ ಮನಸ್ಸು ಬಹುಮಟ್ಟಿಗೆ ಇಬ್ಬಗೆಯದು. ನೋವು ಮುಗಿಯಲಿ ಎಂಬ ತವಕವೂ ಬದುಕುವ ಆಸೆಯೂ ಒಂದನ್ನೊಂದು ಜಗ್ಗುತ್ತಿರುತ್ತವೆ. ತೀರಾ ಅಪಾಯದ ಹೊತ್ತು ಸಾಮಾನ್ಯವಾಗಿ ಹೆಚ್ಚು ಕಾಲ ಉಳಿಯುವುದಿಲ್ಲ. ಅದನ್ನು ದಾಟಿಸಿದರೆ ಜೀವ ಉಳಿಯುವ ಸಾಧ್ಯತೆ ಹೆಚ್ಚು. ದಿನದ ದೊಡ್ಡ ಪಾಲು ಕಳೆಯುವುದು ಕೆಲಸದಲ್ಲೇ ಆದ್ದರಿಂದ, ಎಷ್ಟೋ ಸಲ ಬದಲಾವಣೆ ಮೊದಲು ಕಾಣುವುದು ಮನೆಯವರಿಗಲ್ಲ, ಜೊತೆಗೆ ದುಡಿಯುವವರಿಗೆ.

ಭಾರತದಲ್ಲಿ ಈ ಚರ್ಚೆ ಐಟಿ ಕಚೇರಿಗಳ ಸುತ್ತಲೇ ಗಿರಕಿ ಹೊಡೆಯುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಹೇಳುವುದು ಬೇರೆ: 2022ರಲ್ಲಿ ದಾಖಲಾದ 1,70,924 ಆತ್ಮಹತ್ಯೆಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ದಿನಗೂಲಿಗಳವು. ಆಪ್ತಸಮಾಲೋಚಕರ ಕೊಠಡಿ ಇರಲಿ, ಹಾಜರಿ ಪುಸ್ತಕವೂ ಇಲ್ಲದ ಜಾಗಗಳಲ್ಲಿ ದುಡಿಯುವವರು ಇವರು.

ಅಂಥ ಜಾಗಕ್ಕೆ ಹೊಂದುವ ಮಾದರಿ ಆಸ್ಟ್ರೇಲಿಯಾದಲ್ಲಿದೆ. ಕ್ವೀನ್ಸ್‌ಲ್ಯಾಂಡ್‌ನ ಕಟ್ಟಡ ಕಾರ್ಮಿಕರಲ್ಲಿ ಆತ್ಮಹತ್ಯೆ ಹೆಚ್ಚಿದ್ದುದನ್ನು ಕಂಡು 2008ರಲ್ಲಿ ‘ಮೇಟ್ಸ್ ಇನ್ ಕನ್‌ಸ್ಟ್ರಕ್ಷನ್’ ಶುರುವಾಯಿತು. ಸೈಟಿನಲ್ಲಿ ಎಲ್ಲರಿಗೂ ಸುಮಾರು ಒಂದು ಗಂಟೆಯ ತಿಳಿವಳಿಕೆ. ಮುಂದೆ ಬಂದ ಕೆಲವರಿಗೆ ‘ಕನೆಕ್ಟರ್’ ತರಬೇತಿ. ಅವರ ಹೆಲ್ಮೆಟ್ಟಿನ ಮೇಲೆ ಸ್ಟಿಕರ್ ಇರುತ್ತದೆ, ಯಾರ ಹತ್ತಿರ ಮಾತಾಡಬಹುದು ಎಂದು ಹುಡುಕಬೇಕಿಲ್ಲ. ಕನೆಕ್ಟರ್ ಚಿಕಿತ್ಸೆ ಕೊಡುವುದಿಲ್ಲ. ನೊಂದವರನ್ನು ಸುರಕ್ಷಿತವಾಗಿಟ್ಟು, ಬಲ್ಲವರ ಕೈಗೆ ಒಪ್ಪಿಸುತ್ತಾರೆ.

ಗಮನಿಸಬೇಕಾದದ್ದು ಒಂದು ಲಕ್ಷಣವನ್ನಲ್ಲ, ಬದಲಾವಣೆಯನ್ನು. ಮಾತುಗಾರ ಮೌನಿಯಾಗುವುದು, ಅಚ್ಚುಕಟ್ಟಿನವರು ತಪ್ಪು ಮಾಡತೊಡಗುವುದು, ಕುಡಿತ ಹೆಚ್ಚುವುದು, ‘ನಾನಿಲ್ಲದಿದ್ದರೆ ಎಲ್ಲರಿಗೂ ನಿರಾಳ’ ಎನ್ನುವುದು, ಪ್ರಿಯವಾದ ವಸ್ತುಗಳನ್ನು ಹಂಚಿಬಿಡುವುದು. ಆತ್ಮಹತ್ಯೆಯ ಬಗ್ಗೆ ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂಬ ಭಯ ಎಲ್ಲೆಡೆ ಇದೆ. ಆದರೆ 2014ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ವರದಿಗೆ, ಕೇಳುವುದರಿಂದ ಅಂಥ ಯೋಚನೆ ಹೆಚ್ಚುತ್ತದೆ ಎನ್ನಲು ಆಧಾರ ಸಿಗಲಿಲ್ಲ. ಕೇಳುವ ಬಗೆ ಮುಖ್ಯ. “ಅಂಥ ಹುಚ್ಚು ಯೋಚನೆ ಏನೂ ಇಲ್ಲ ತಾನೇ?” ಎಂದರೆ ಎದುರಿನವರು “ಇಲ್ಲ” ಎಂದೇ ಹೇಳಿಯಾರು. “ಸಾಯಬೇಕು ಅನ್ನೋ ಯೋಚನೆ ಬರ್ತಾ ಇದೆಯಾ?” ಎಂದರೆ ಉತ್ತರಕ್ಕೆ ಜಾಗವಿರುತ್ತದೆ. ಹೌದು ಎಂದರೆ ಬುದ್ಧಿವಾದ ಬೇಡ. ಒಂಟಿಯಾಗಿ ಬಿಡಬಾರದು, ಅಪಾಯದ ವಸ್ತುಗಳು ಕೈಗೆ ಸಿಗದಂತೆ ನೋಡಬೇಕು, ನೆರವಿಗೆ ಜೊತೆಯಲ್ಲೇ ಹೋಗಬೇಕು. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡುವುದೂ ಸಲ್ಲ.

ಭಾರತದಲ್ಲಿ ದಿನದ 24 ಗಂಟೆಯೂ ಸಿಗುವ ಉಚಿತ ನೆರವು ಟೆಲಿ ಮಾನಸ್, ಸಂಖ್ಯೆ 14416. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರ ಸಂಸ್ಥೆ, ಕನ್ನಡದಲ್ಲೇ ಮಾತಾಡಬಹುದು. ಪೊಲೀಸ್ ಕೇಸಿನ ಭಯದಿಂದ ವಿಷಯ ಮುಚ್ಚಿಡುವುದು ಹಳೆಯ ರೂಢಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್, ಬೇರೆ ರೀತಿ ಸಾಬೀತಾಗದ ಹೊರತು ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ಶಿಕ್ಷಿಸಬಾರದು ಎನ್ನುತ್ತದೆ.

ಕೆಲಸವೇ ಗಾಯ ಮಾಡುತ್ತಿದ್ದರೆ ಸಹಾಯವಾಣಿ ಅರ್ಧ ದಾರಿಯಷ್ಟೇ. ಫ್ರಾನ್ಸ್ ಟೆಲಿಕಾಂ 22,000 ಮಂದಿಯನ್ನು ಹೊರಗೆ ಕಳಿಸಲು ಹೊರಟಾಗ ಸರಣಿ ಆತ್ಮಹತ್ಯೆಗಳಾದವು. 2019ರಲ್ಲಿ ಪ್ಯಾರಿಸ್ ನ್ಯಾಯಾಲಯ ಕಂಪನಿಯನ್ನೂ ಅದರ ಮಾಜಿ ಮುಖ್ಯಸ್ಥರನ್ನೂ ಕಿರುಕುಳದ ತಪ್ಪಿತಸ್ಥರೆಂದಿತು. ವಿಶ್ವ ಆರೋಗ್ಯ ಸಂಸ್ಥೆಯ 2022ರ ಮಾರ್ಗಸೂಚಿಯೂ ಕೆಲಸದ ಹೊರೆ, ವೇಳೆ, ಕಿರುಕುಳ ಇವುಗಳನ್ನೇ ಸರಿಪಡಿಸಬೇಕೆನ್ನುತ್ತದೆ. ಸಭಾಂಗಣದಲ್ಲಿ ಯೋಗ ಮಾಡಿಸಿ ಗಡುವುಗಳನ್ನು ಹಾಗೆಯೇ ಬಿಡುವ ಸಂಸ್ಥೆ ಇದನ್ನು ಓದಿಲ್ಲವೆಂದೇ ತಿಳಿಯಬೇಕು.

ಯತ್ನದಿಂದ ಬದುಕುಳಿದು ಕೆಲಸಕ್ಕೆ ಮರಳುವ ದಿನಗಳು ನಾಜೂಕಿನವು. ಆಸ್ಪತ್ರೆಯಿಂದ ಹೊರಬಂದ ಮೊದಲ ವಾರಗಳಲ್ಲಿ ಅಪಾಯ ಹೆಚ್ಚು. ಸ್ಯಾನ್ ಫ್ರಾನ್ಸಿಸ್ಕೋದ ಮನೋವೈದ್ಯ ಜೆರೋಮ್ ಮೋಟೋ, ಆಸ್ಪತ್ರೆಯಿಂದ ಬಿಡುಗಡೆಯಾಗಿ ಮುಂದಿನ ಚಿಕಿತ್ಸೆ ಬೇಡವೆಂದಿದ್ದವರಲ್ಲಿ ಅರ್ಧದಷ್ಟು ಮಂದಿಗೆ ಆಗಾಗ ಚಿಕ್ಕ ಪತ್ರ ಕಳಿಸಿದರು. ಹೇಗಿದ್ದೀರಿ ಎಂಬ ವಿಚಾರಣೆ ಬಿಟ್ಟರೆ ಅದರಲ್ಲಿ ಬೇರೆ ಒತ್ತಾಯವಿರಲಿಲ್ಲ. ಮೊದಲ ಎರಡು ವರ್ಷಗಳಲ್ಲಿ ಪತ್ರ ಪಡೆದವರ ಆತ್ಮಹತ್ಯೆ ಪ್ರಮಾಣ ಉಳಿದವರಿಗಿಂತ ಕಡಿಮೆಯಿತ್ತು. ಮೇಸ್ತ್ರಿಯೋ ಮ್ಯಾನೇಜರೋ ಮರಳಿದವರಿಗೆ ಕೆಲಸವನ್ನು ಮೆಲ್ಲಗೆ ಹೆಚ್ಚಿಸುವ ಜೊತೆಗೆ ವಾರಕ್ಕೊಮ್ಮೆ ಹೀಗೊಂದು ಮೆಸೇಜು ಕಳಿಸುವುದಕ್ಕೆ ತರಬೇತಿಯೂ ಬೇಕಿಲ್ಲ.